ಕೊಂಡ ಆಟವೂ ನಮ್ಮದಲ್ಲವೇ?

ಪ್ರಶ್ನೆ: ಪಿಯುಸಿ ಓದುತ್ತಿರುವ ನನ್ನ ಮಗನ ಬಳಿ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಎಂಬ ವಿಡಿಯೋ ಗೇಮ್ ಯಂತ್ರ ಇದೆ. ತಿಂಗಳ ಚಂದಾ ಕಟ್ಟಿ ಗೇಮ್ ಪಾಸ್ ಪಡೆದರೆ ನೂರಾರು ಆಟಗಳು ಸಿಗುವಾಗ ಒಂದೊಂದಕ್ಕೆ ನಾಲ್ಕೈದು ಸಾವಿರ ಸುರಿಯುವುದೇಕೆ ಎನ್ನುತ್ತಾನೆ. ಕೊಂಡದ್ದಾದರೆ ಕೈಯಲ್ಲಿ ಉಳಿಯುತ್ತದೆ ಎಂಬುದು ನನ್ನ ವಾದ. ಯಾರ ಮಾತು ಸರಿ? ಮುಂದೆ ಆಟ ಕೊಳ್ಳುವ ಪದ್ಧತಿಯೇ ಹೋಗಿಬಿಡುತ್ತದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸದ್ಯದ ಲೆಕ್ಕದಲ್ಲಿ ನಿಮ್ಮ ಮಗನ ಮಾತೇ ಸರಿ. ನಿಮ್ಮ ವಾದಕ್ಕೆ ಆ ಯಂತ್ರವೇ ಅಡ್ಡಿ, ಏಕೆಂದರೆ ಸೀರೀಸ್ ಎಸ್‌ನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಅದರಲ್ಲಿ ನೀವು ದುಡ್ಡು ಕೊಟ್ಟು ಪಡೆಯುವುದು ನಿಮ್ಮ ಖಾತೆಗೆ ಅಂಟಿಕೊಂಡ ಒಂದು ಪರವಾನಗಿಯನ್ನು ಮಾತ್ರ. ಆಡಿ ಮುಗಿದ ಮೇಲೆ ಅದನ್ನು ಅರ್ಧ ಬೆಲೆಗೆ ಮಾರುವುದಕ್ಕೂ ಆಗದು. ಇದನ್ನು ಗ್ರಾಹಕರಿಗೆ ಮುಚ್ಚಿಡಬಾರದೆಂದೇ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2025ರ ಜನವರಿ 1ರಿಂದ ಒಂದು ಕಾನೂನನ್ನು ಜಾರಿಗೆ ತಂದಿದ್ದು, ಕೊಡುತ್ತಿರುವುದು ಪರವಾನಗಿ ಎಂದು ಸ್ಪಷ್ಟವಾಗಿ ಹೇಳದೆ ಆನ್‌ಲೈನ್ ಅಂಗಡಿಗಳು ‘ಕೊಳ್ಳಿ’ ಎಂದು ಬರೆಯುವಂತಿಲ್ಲ.

ಹಾಗೆಂದು ಕೊಳ್ಳುವುದೂ ಚಂದಾ ಕಟ್ಟುವುದೂ ಒಂದೇ ಅಲ್ಲ. ಕಾರು ಓಟದ ಫೋರ್ಜಾ ಹೊರೈಜನ್ 4 ಆಟವನ್ನು, ಕಂಪನಿ ಇತರರಿಂದ ಪಡೆದಿದ್ದ ಪರವಾನಗಿಗಳ ಅವಧಿ ಮುಗಿದದ್ದರಿಂದ, 2024ರ ಡಿಸೆಂಬರ್ 15ರಂದು ಮಾರಾಟದಿಂದಲೂ ಗೇಮ್ ಪಾಸ್‌ನಿಂದಲೂ ತೆಗೆದುಹಾಕಲಾಯಿತು. ಕೊಂಡಿದ್ದವರು ಮಾತ್ರ ಅದನ್ನು ಮುಂದೆಯೂ ಆಡಬಹುದು. ಯೂಬಿಸಾಫ್ಟ್‌ನ ದಿ ಕ್ರ್ಯೂ ಕಥೆ ಬೇರೆ. 2014ರಲ್ಲಿ ಬಂದ ಆ ಆಟಕ್ಕೆ, ಒಬ್ಬರೇ ಆಡುವಾಗಲೂ, ಕಂಪನಿಯ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಂತಾಗ ಡಿಸ್ಕ್ ಇಟ್ಟುಕೊಂಡವರಿಗೂ ಉಳಿದದ್ದು ಡಬ್ಬಿ ಮಾತ್ರ. ಇಂಥದ್ದನ್ನು ತಡೆಯಲು ಕಾನೂನು ಬೇಕೆಂದು ಯುರೋಪಿನಲ್ಲಿ ಸಲ್ಲಿಸಿದ ನಾಗರಿಕರ ಮನವಿಗೆ ಬಿದ್ದ ಸಹಿಗಳು 2025ರ ಜುಲೈನಲ್ಲಿ 10 ಲಕ್ಷ ದಾಟಿದವು. ಆದ್ದರಿಂದ ಡಿಸ್ಕೋ ಡೌನ್‌ಲೋಡೋ ಎನ್ನುವುದಕ್ಕಿಂತ, ಇಂಟರ್ನೆಟ್ ಇಲ್ಲದೆ ಆಟ ನಡೆಯುತ್ತದೆಯೇ ಎಂಬುದನ್ನು ಮೊದಲು ವಿಚಾರಿಸಿ.

ಕೊಳ್ಳುವ ಪದ್ಧತಿ ಹೋಗುತ್ತದೆ ಎಂದು ನನಗನ್ನಿಸುವುದಿಲ್ಲ. 2019ರಲ್ಲಿ ಅಮೆರಿಕದಲ್ಲಿ ತಿಂಗಳಿಗೆ 14.99 ಡಾಲರ್ ಇದ್ದ ಗೇಮ್ ಪಾಸ್‌ನ ‘ಅಲ್ಟಿಮೇಟ್’ ಶ್ರೇಣಿಯ ದರ 2025ರ ಅಕ್ಟೋಬರ್‌ನಲ್ಲಿ 29.99 ಡಾಲರ್‌ಗೆ ಏರಿತು. ಚಂದಾ ಹೀಗೆ ಏರಿದಷ್ಟೂ ವರ್ಷಕ್ಕೆ ಎರಡು ಮೂರು ಆಟ ಆಡುವವರು ಕೊಳ್ಳುವ ಕಡೆಗೇ ತಿರುಗುತ್ತಾರೆ. ಅಪಾಯ ಇರುವುದು ಡಿಸ್ಕಿಗೆ.

ನೀವು ಹೀಗೆ ಮಾಡಬಹುದು. ಪರೀಕ್ಷೆ ಮುಗಿದ ರಜೆಯಲ್ಲಿ ಒಂದೆರಡು ತಿಂಗಳಿಗಷ್ಟೇ ಚಂದಾ ಕಟ್ಟಿ, ಕಟ್ಟಿದ ದಿನವೇ ಆಟೋ ರಿನ್ಯೂವಲ್ ಆಫ್ ಮಾಡಿ. ಅವಧಿ ಮುಗಿದ ಮೇಲೆ ಆಟದ ಚಿತ್ರ ಪರದೆಯ ಮೇಲೆ ಹಾಗೆಯೇ ಇರುತ್ತದೆ, ಒತ್ತಿದರೆ ಆಟ ತೆರೆಯದೆ, ‘ಈ ಆಟ ನಿಮ್ಮದೇ?’ ಎಂದು ಯಂತ್ರ ಕೇಳುತ್ತದೆ. ಆಡಿ ಉಳಿಸಿದ ಪ್ರಗತಿ ಅಳಿಸಿಹೋಗುವುದಿಲ್ಲವಾದ್ದರಿಂದ, ಮಗ ಮತ್ತೆ ಮತ್ತೆ ಕೇಳುವ ಆಟವನ್ನು ರಿಯಾಯಿತಿ ಮಾರಾಟದಲ್ಲಿ ಕೊಂಡರೆ ಬಿಟ್ಟಲ್ಲಿಂದಲೇ ಮುಂದುವರಿಸಬಹುದು.

ಪ್ರಶ್ನೆ: ಪ್ಲೇಸ್ಟೇಷನ್ 5ಕ್ಕೆ ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಳ್ಳಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಡ್ರೈವ್ ಇರುವ ಯಂತ್ರವಾದರೆ ಧಾರಾಳವಾಗಿ ಕೊಳ್ಳಿ, ಪಿಎಸ್4ರ ಬಹುತೇಕ ಡಿಸ್ಕ್‌ಗಳೂ ಅದರಲ್ಲಿ ನಡೆಯುತ್ತವೆ. ಕೊಳ್ಳುವ ಮೊದಲು ಡಿಸ್ಕಿನ ತಳದಲ್ಲಿ ಗೀರುಗಳಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಡಬ್ಬಿಯೊಳಗೆ ಹೆಚ್ಚುವರಿ ಭಾಗಗಳ ಕೋಡ್ ಚೀಟಿ ಇದ್ದರೆ ಹಿಂದಿನವರು ಅದನ್ನು ಬಳಸಿಯೇ ಇರುತ್ತಾರೆಂದು ತಿಳಿದು, ಆ ಭಾಗಗಳನ್ನು ಲೆಕ್ಕಕ್ಕೆ ಹಿಡಿಯದೆ ಬೆಲೆ ಮಾತನಾಡಿ.