ಓದುಗರ ಪ್ರಶ್ನೆ: ಪಿಎಚ್‌ಡಿ ಡೇಟಾನ ಕಣ್ಣಿಗೆ ಕಾಣೋ ಹಾಗೆ ಮಾಡೋದು

ಪ್ರಶ್ನೆ: ನಮ್ಮ ಕೃಷಿ ವಿಭಾಗದಲ್ಲಿ ಆರು ಜನ ಪಿಎಚ್‌ಡಿ ಹುಡುಗ್ರಿದ್ದಾರೆ ಮೇಡಂ. ಪಿ-ವ್ಯಾಲ್ಯೂ ಥರದ ಅಂಕಿಅಂಶದ ಲೆಕ್ಕ ಎಲ್ಲಾ ಬಾಯಿಪಾಠ, ಆದ್ರೆ ಗ್ರಾಫ್ ಅಂದ್ರೆ ಥೀಸಿಸ್ ಬೈಂಡಿಂಗ್‌ಗೆ ಹೋಗೋ ಹಿಂದಿನ ವಾರ ಎಕ್ಸೆಲ್‌ನಲ್ಲಿ ಹಾಕೋ ಬಾರ್ ಚಾರ್ಟ್ ಅಷ್ಟೇ. ಕೋರ್ಸ್‌ವರ್ಕ್‌ನಲ್ಲಿ ಇದನ್ನ ಎಲ್ಲಿಂದ ಶುರು ಮಾಡ್ಲಿ? (ಒಬ್ಬ ಗೈಡ್, ಶಿವಮೊಗ್ಗ)

ಸರ್, ಕಂಪ್ಯೂಟರ್ ಆಫ್ ಮಾಡಿಸಿ ಶುರು ಮಾಡಿ. ನಿಜವಾಗ್ಲೂ ಹೇಳ್ತಿದ್ದೀನಿ. ಗ್ರಾಫ್ ಶೀಟು, ಪೆನ್ಸಿಲ್ಲು, ಅವರವರದೇ ಡೇಟಾ. ಮೀನ್ (ಸರಾಸರಿ) ತೆಗೀಬೇಡಿ, ಒಂದೊಂದು ಅಳತೆಗೂ ಒಂದೊಂದು ಚುಕ್ಕಿ ಇಡಿ ಅನ್ನಿ, ಸಾಕು.

ನನ್ನ ಕ್ಲಾಸಲ್ಲಿ ಒಂದು ಸಲ ರಾಗಿ ಇಳುವರಿ ಡೇಟಾ ತಂದಿದ್ದ ಹುಡುಗಿ, ನಾಲ್ಕು ಟ್ರೀಟ್‌ಮೆಂಟ್ (ಹೋಲಿಸಿ ನೋಡೋ ವಿಧಾನ), ಒಂದೊಂದಕ್ಕೂ ಐದು ರೆಪ್ಲಿಕೇಷನ್ (ಅದನ್ನೇ ಮಾಡಿದ ಐದು ತಾಕು), ಬಾರ್ ಚಾರ್ಟ್ ಆಗ್ಲೇ ರೆಡಿ ಇತ್ತು, ಅದರಲ್ಲಿ ಮೂರನೇ ಟ್ರೀಟ್‌ಮೆಂಟು ತಾಕಿಗೆ 5.08 ಕೆಜಿ ಅಂತ ಎಲ್ಲಕ್ಕಿಂತ ಎತ್ತರಕ್ಕೆ ನಿಂತಿತ್ತು, ಉಳಿದವೆಲ್ಲ ನಾಲ್ಕರ ಆಸುಪಾಸು. ಚುಕ್ಕಿ ಇಡಮ್ಮ ಅಂದೆ. 4.1, 3.9, 4.3, 4.0 ಒಂದು ಕಡೆ ಗುಂಪಾಗಿ ಕೂತ್ವು, ಐದನೇದು 9.1, ಹಾಳೆ ಮೇಲ್ತುದೀಲಿ ಒಂಟಿಯಾಗಿ. ಅವಳೇ ಪೆನ್ಸಿಲ್ ಕೆಳಗಿಟ್ಟು ಫೀಲ್ಡ್ ನೋಟ್‌ಬುಕ್ ತೆಗೆದು ನೋಡಿದ್ಳು. ಅಲ್ಲಿದ್ದದ್ದು 4.1. ಬಿಸಿಲಲ್ಲಿ ಗದ್ದೆ ಬದೂನಲ್ಲಿ ಕೂತು ಗೀಚಿದ 4, ಟೈಪ್ ಮಾಡುವಾಗ 9 ಆಗಿತ್ತು. ಸರಿ ಮಾಡಿದ್ರೆ ಮೀನ್ 4.08, ಅಂದ್ರೆ ಆ ಟ್ರೀಟ್‌ಮೆಂಟ್‌ನಲ್ಲಿ ವಿಶೇಷ ಏನೂ ಇಲ್ಲ. ಬಾರ್ ಚಾರ್ಟು ಆ ಒಂದು ತಪ್ಪನ್ನ ಹೊಟ್ಟೇಲಿ ಮುಚ್ಚಿಟ್ಕೊಂಡಿತ್ತು. ಅಳತೆಗಳು ಎಷ್ಟು ಚೆದುರಿವೆ ಅಂತ ತೋರಿಸೋ ಎರರ್ ಬಾರ್ ಉದ್ದ ಇತ್ತು ನಿಜ, ಆದ್ರೆ ಅದನ್ನ ಯಾರೂ ತಿರುಗಿ ನೋಡಿರ್ಲಿಲ್ಲ.

ಎರಡನೇ ಕ್ಲಾಸಿಗೆ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್‌ಸ್ಕೊಂಬ್ 1973ರಲ್ಲಿ ಕೊಟ್ಟ ನಾಲ್ಕು ಪುಟ್ಟ ಡೇಟಾಸೆಟ್ ತಗೊಂಡು ಹೋಗಿ. ಒಂದೊಂದರಲ್ಲೂ 11 ಜೋಡಿ ಅಂಕಿ, ಎಕ್ಸ್ ಮೀನ್ 9, ವೈ ಮೀನ್ 7.5, ಕೋರಿಲೇಷನ್ (ಎರಡೂ ಎಷ್ಟು ಜೊತೆಜೊತೆಗೆ ಏರಿಳಿಯತ್ತೆ ಅನ್ನೋ ಅಳತೆ) 0.816ರ ಹತ್ರ, ಚುಕ್ಕಿಗಳ ನಡುವೆ ಹಾಯೋ ರಿಗ್ರೆಷನ್ ಗೆರೆಯೂ ನಾಲ್ಕಕ್ಕೂ ಒಂದೇ. ಮೊದಲು ಇವನ್ನ ಹುಡುಗ್ರ ಕೈಲೇ ಲೆಕ್ಕ ಹಾಕಿಸಿ, ನಾಲ್ಕೂ ಒಂದೇ ಅಂತ ಅವರ ಬಾಯಲ್ಲೇ ಬರ್ಲಿ, ಆಮೇಲೆ ಚುಕ್ಕಿ ಇಡಿಸಿ. ಒಂದು ಸಾಮಾನ್ಯವಾಗಿ ಚೆಲ್ಲಾಡಿರತ್ತೆ, ಒಂದು ಕಮಾನಿನ ಥರ ಬಾಗಿರತ್ತೆ, ಇನ್ನೊಂದು ನೆಟ್ಟಗಿನ ಗೆರೆ ಆದ್ರೆ ಒಂದು ಚುಕ್ಕಿ ಮಾತ್ರ ದೂರ, ಕೊನೇದರಲ್ಲಿ ಒಂದು ಬಿಟ್ಟು ಎಲ್ಲಾ ಚುಕ್ಕಿ ಒಂದರ ಮೇಲೊಂದು ಕಂಬದ ಹಾಗೆ. ಆ ಹೊತ್ತಲ್ಲಿ ಹುಡುಗ್ರ ಮುಖ ನೋಡ್ಬೇಕು ಸರ್, ಇಷ್ಟು ವರ್ಷ ಪಾಠ ಮಾಡಿದ್ರೂ ನನಗೆ ಅದೇ ಖುಷಿ.

ಮೂರನೇದಾಗಿ, ಏನು ಬಿಟ್ಟಿದ್ದಾರೆ ಅಂತ ಕೇಳೋದು ಕಲಿಸಿ. 1986ರ ಜನವರಿ 28ಕ್ಕೆ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದು ಏಳು ಜನ ಹೋದ್ರು. ಹಿಂದಿನ ರಾತ್ರಿ ಚಳಿ ಬಗ್ಗೆ ಎಂಜಿನಿಯರ್‌ಗಳು ಎಚ್ಚರಿಸಿದ್ರು, ಆದ್ರೆ ಚರ್ಚೆಗೆ ಬಂದದ್ದು ರಾಕೆಟ್‌ನ ಕೀಲುಗಳನ್ನ ಬಿಗಿಯಾಗಿ ಮುಚ್ಚೋ ರಬ್ಬರ್ ರಿಂಗ್‌ಗೆ ಪೆಟ್ಟಾದ ಹಾರಾಟಗಳು ಮಾತ್ರ. ಅಷ್ಟನ್ನೇ ನೋಡಿದ್ರೆ ಬಿಸಿಲಲ್ಲೂ ಪೆಟ್ಟು, ಚಳೀಲೂ ಪೆಟ್ಟು, ಏನೂ ಗೊತ್ತಾಗಲ್ಲ. ಆಮೇಲೆ ತನಿಖಾ ಆಯೋಗ ಏನೂ ಆಗದೇ ಇದ್ದ ಹಾರಾಟಗಳನ್ನೂ ಸೇರಿಸಿ ಚುಕ್ಕಿ ಇಟ್ಟಾಗ ಕಂಡದ್ದು ಬೇರೆ: 65 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ತಣ್ಣಗಿದ್ದಾಗ ಹಾರಿದ ನಾಲ್ಕಕ್ಕೆ ನಾಲ್ಕರಲ್ಲೂ ಪೆಟ್ಟು, ಅದಕ್ಕಿಂತ ಬೆಚ್ಚಗಿದ್ದ 20ರಲ್ಲಿ ಮೂರರಲ್ಲಿ ಮಾತ್ರ. ನಿಮ್ಮ ಹುಡುಗ್ರು ‘ಮೊಳಕೆ ಬರದ ಕುಂಡಗಳನ್ನ ತೆಗೆದುಬಿಟ್ಟೆ ಸರ್’ ಅಂದಾಗೆಲ್ಲ ಇದನ್ನ ನೆನಪಿಸಿ.

ಸಾಫ್ಟ್‌ವೇರ್ ನಾಲ್ಕನೇ ಕ್ಲಾಸಿಗೆ ಇರ್ಲಿ. ಆರ್ (R) ಅನ್ನೋ ಫ್ರೀ ಪ್ರೋಗ್ರಾಮಿಂಗ್ ಭಾಷೆ ಕಲಿಸಿ, ಗ್ರಾಫ್ ಬಿಡಿಸೋ ಅದರ ಜಿಜಿಪ್ಲಾಟ್2 ಪ್ಯಾಕೇಜೂ ಫ್ರೀ, ಕೋಡ್ ಉಳಿಯತ್ತೆ, ಹಾಗಾಗಿ ಒಂದು ಅಂಕಿ ತಿದ್ದಿದ್ರೆ ಇಪ್ಪತ್ತು ಗ್ರಾಫೂ ಮತ್ತೆ ತಾನೇ ಬರತ್ತೆ. ಪೈಥಾನ್ ಗೊತ್ತಿದ್ದೋರು ಅದರಲ್ಲೇ ಮಾಡ್ಲಿ.

ಪ್ರಶ್ನೆ: ನಮ್ಮ ಗೈಡ್‌ಗೆ ತ್ರೀಡಿ ಪೈ ಚಾರ್ಟ್ ಅಂದ್ರೆ ಇಷ್ಟ. ಬೇಡ ಅಂತ ಹೇಗೆ ಹೇಳ್ಲಿ ಮೇಡಂ? (ಎರಡನೇ ವರ್ಷದ ಸಂಶೋಧಕ, ಧಾರವಾಡ)

ಬೇಡ ಅನ್ನೋಕೆ ಹೋಗ್ಬೇಡಪ್ಪ, ಆ ಪೈ ಚಾರ್ಟು, ಅದೇ ಡೇಟಾದ ಬಾರ್ ಚಾರ್ಟು ಎರಡನ್ನೂ ಪ್ರಿಂಟ್ ತೆಗೆದು ಪಕ್ಕಪಕ್ಕ ಇಟ್ಟು, ‘ಸರ್, ಇದರಲ್ಲಿ ಎರಡನೇ ಸ್ಥಾನದಲ್ಲಿರೋದು ಯಾವುದು?’ ಅಂತ ವಿನಯವಾಗಿ ಕೇಳು. ಕ್ಲೀವ್‌ಲ್ಯಾಂಡ್ ಮತ್ತು ಮ್ಯಾಕ್‌ಗಿಲ್ ಅನ್ನೋ ಸಂಖ್ಯಾಶಾಸ್ತ್ರಜ್ಞರು 1984ರಲ್ಲೇ ಜನರನ್ನ ಕೂರಿಸಿ ಪರೀಕ್ಷೆ ಮಾಡಿದ್ರು, ಒಂದೇ ಅಳತೆಗೆರೆ ಮೇಲಿನ ಜಾಗಾನ ನಮ್ಮ ಕಣ್ಣು ಚೆನ್ನಾಗಿ ಹೋಲಿಸತ್ತೆ, ಕೋನಾನ ಅಷ್ಟು ಚೆನ್ನಾಗಿ ಹೋಲಿಸಲ್ಲ. ತ್ರೀಡಿ ಮಾಡಿದ್ರೆ ಮುಂದಿರೋ ತುಂಡು ಇಲ್ಲದ ದಪ್ಪ ಪಡ್ಕೊಳತ್ತೆ. ಇನ್ನೊಂದು, ಬಣ್ಣ: ಪರೀಕ್ಷಕರ ಕೈಗೆ ಜೆರಾಕ್ಸ್ ಪ್ರತಿ ಸಿಕ್ಕಿದ್ರೆ ಕೆಂಪು ಹಸಿರು ಎರಡೂ ಒಂದೇ ಬೂದಿ, ಕೆಂಪು-ಹಸಿರು ವ್ಯತ್ಯಾಸ ಕಾಣದ ಕಣ್ಣಿನೋರೂ ಇರ್ತಾರೆ. ಹೀಟ್‌ಮ್ಯಾಪ್‌ಗೆ (ಅಂಕಿ ಬದಲು ಬಣ್ಣ ತುಂಬಿದ ಚೌಕಗಳ ಗ್ರಾಫು) ಕಾಮನಬಿಲ್ಲಿನ ಬಣ್ಣ ಬಿಟ್ಟು ವಿರಿಡಿಸ್ ಅನ್ನೋ ಬಣ್ಣಸಾಲು ಹಾಕು, ಕಪ್ಪುಬಿಳುಪಲ್ಲೂ ಕಡಿಮೆ-ಹೆಚ್ಚು ಗೊತ್ತಾಗತ್ತೆ. ಗೈಡ್ ಆದ್ರೂ ಒಪ್ಪದಿದ್ರೆ ಪೈ ಚಾರ್ಟ್ ಇರ್ಲಿ ಬಿಡು, ಪಕ್ಕದಲ್ಲಿ ಒಂದು ಟೇಬಲ್ ಕೊಡು, ಜಗಳ ಬೇಡ.

ಪ್ರಶ್ನೆ: ನನ್ನ ಥೀಸಿಸ್ ಕನ್ನಡದಲ್ಲಿ, ಜಾನಪದ ವಿಭಾಗ. ಪೈಥಾನ್‌ನಲ್ಲಿ ಗ್ರಾಫ್ ಹಾಕಿದ್ರೆ ಲೇಬಲ್‌ಗಳಲ್ಲಿ ಒತ್ತಕ್ಷರ ಎಲ್ಲಾ ಒಡೆದು ಬರತ್ತೆ. ಇಂಗ್ಲಿಷ್‌ನಲ್ಲೇ ಹಾಕ್ಲಾ? (ಸಂಶೋಧನಾ ವಿದ್ಯಾರ್ಥಿನಿ, ಬಳ್ಳಾರಿ)

ಖಂಡಿತ ಬೇಡಮ್ಮ, ಕನ್ನಡದ ಥೀಸಿಸ್‌ಗೆ ಕನ್ನಡದ ಗ್ರಾಫೇ ಬೇಕು. ಮೊದಲು ನಿನ್ನ ಟೆಕ್ಸ್ಟ್ ಯೂನಿಕೋಡ್‌ನಲ್ಲಿ ಇದೆಯಾ ನೋಡು, ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ರೆ ಕನ್ವರ್ಟ್ ಮಾಡ್ಕೋ. ಅದು ಸರಿ ಇದ್ದೂ ಒಡೀತಿದ್ರೆ ತಪ್ಪು ನಿಂದಲ್ಲ, ಅಕ್ಷರಕ್ಕೆ ಒತ್ತು ಕೂಡಿಸೋ ಕೆಲಸ ಆ ಪ್ರೋಗ್ರಾಮ್‌ಗೆ ಬರ್ತಿಲ್ಲ ಅಂತ ಅರ್ಥ. ಲೇಬಲ್ ಇಲ್ಲದೇ ಗ್ರಾಫನ್ನ ಎಸ್‌ವಿಜಿ (SVG) ಫೈಲ್ ಆಗಿ ಸೇವ್ ಮಾಡಿ ಇಂಕ್‌ಸ್ಕೇಪ್ ಅನ್ನೋ ಚಿತ್ರ ತಿದ್ದೋ ಪ್ರೋಗ್ರಾಮ್‌ನಲ್ಲಿ ತೆಗೆದು ಅಲ್ಲೇ ಕನ್ನಡ ಟೈಪ್ ಮಾಡು, ‘ಲಕ್ಷ್ಮೇಶ್ವರ’ ಅಂತ ಬರೆದು ಪರೀಕ್ಷೆ ಮಾಡು, ಅದು ಸರಿಯಾಗಿ ಬಂದ್ರೆ ಉಳಿದದ್ದೂ ಬರತ್ತೆ. ಗ್ರಾಫ್ ನಾಲ್ಕೈದೇ ಇದ್ರೆ ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲೇ ಮುಗಿಸ್ಬಹುದು. ಪಿಡಿಎಫ್ ಮಾಡಿದ್ಮೇಲೆ ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆದು ನೋಡಿಯೇ ಪ್ರಿಂಟಿಗೆ ಕೊಡು.