ಗ್ರೀಕ್ ಯುದ್ಧನೌಕೆಯ ಹುಟ್ಟುಗಾರರನ್ನು ಕಾದಂಬರಿಯಲ್ಲಿ ಸರಪಳಿ ಬಿಗಿದ ಗುಲಾಮರಾಗಿ ತೋರಿಸಬಹುದೇ?

ನಿಮ್ಮ ಕಥೆ ಅಥೆನ್ಸ್‌ನ ನೌಕಾಪಡೆಯದಾದರೆ ದಯವಿಟ್ಟು ಹಾಗೆ ಮಾಡಬೇಡಿ. ಸರಪಳಿ, ಚಾಟಿಗಳೆಲ್ಲ ಎಷ್ಟೋ ಶತಮಾನಗಳ ನಂತರದ ಹಡಗುಗಳವು. ಕ್ರಿ.ಪೂ. 5ನೇ ಶತಮಾನದ ಟ್ರೈರೀಮ್ ಎಂಬ ಯುದ್ಧನೌಕೆಯಲ್ಲಿ 170 ಮಂದಿ ಮೂರು ಸಾಲುಗಳಲ್ಲಿ, ಒಬ್ಬೊಬ್ಬರು ಒಂದೊಂದು ಹುಟ್ಟು ಹಿಡಿದು ಕೂರುತ್ತಿದ್ದರು. ಗುಲಾಮರೂ ಇರುತ್ತಿದ್ದರು, ನಿಜ. ಆದರೆ ಹಡಗು ಮುಖ್ಯವಾಗಿ ನಿಂತಿದ್ದು ಸಂಬಳದ ಸ್ವತಂತ್ರರ ಮೇಲೆ: ಬಡ ನಾಗರಿಕರು, ಪರಊರಿನಿಂದ ಬಂದು ನೆಲೆಸಿದವರು, ದ್ವೀಪಗಳಿಂದ ದುಡಿಮೆಗೆ ಬಂದವರು. ಆ ಕಾಲದ ಇತಿಹಾಸಕಾರ ಥೂಸಿಡಿಡೀಸ್ ಒಂದು ಕಡೆ ಬರೆಯುತ್ತಾನೆ: ಕ್ರಿ.ಪೂ. 429ರಲ್ಲಿ ಅಥೆನ್ಸ್‌ನ ಶತ್ರುಗಳಾದ ಪೆಲೊಪೊನೀಸ್ ಪಡೆಯ ನಾವಿಕರು ಪ್ರತಿಯೊಬ್ಬರೂ ತಮ್ಮ ಹುಟ್ಟು, ಕೂರುವ ಮೆತ್ತೆ, ಹುಟ್ಟು ಕಟ್ಟುವ ತೊಗಲಿನ ಪಟ್ಟಿ ಹೊತ್ತು ಕೊರಿಂಥ್‌ನಿಂದ ಮೆಗಾರದ ಕಡೆಗೆ ನಡೆದರಂತೆ. ಕುಶಲಕರ್ಮಿ ಉಪಕರಣ ಹೊತ್ತು ಹೋಗುವ ನಡಿಗೆ ಅದು. ನನ್ನ ಮಟ್ಟಿಗೆ ಆ ಮೆತ್ತೆಯೊಂದೇ ಸಾಕು, ಪಾತ್ರಕ್ಕೆ ಜೀವ ಬರಲು.

ಅಥೆನ್ಸ್‌ನ ನಾಗರಿಕನಾದ ಹುಟ್ಟುಗಾರನಿಗೆ ಸಭೆಯಲ್ಲಿ ಮತವೂ ಇತ್ತು. ಯುದ್ಧ ಬೇಕೆಂದು ಎತ್ತಿದ ಕೈಯೇ ನಾಳೆ ಹುಟ್ಟು ಎಳೆಯಬೇಕು. ಇದನ್ನು ಬಿಟ್ಟುಕೊಟ್ಟರೆ ಕಾದಂಬರಿಯ ತಿರುಳೇ ಹೋಗುತ್ತದೆ.

ಕ್ರಿ.ಪೂ. 427ರ ಘಟನೆಯನ್ನೇ ನೋಡಿ. ಲೆಸ್ಬೋಸ್ ದ್ವೀಪದ ಮಿಟಿಲೀನಿ ನಗರ ದಂಗೆಯೆದ್ದು ಸೋತಿತ್ತು. ಅಲ್ಲಿನ ವಯಸ್ಕ ಗಂಡಸರನ್ನೆಲ್ಲ ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರಾಗಿಸಬೇಕೆಂದು ಅಥೆನ್ಸ್‌ನ ಸಭೆ ತೀರ್ಮಾನಿಸಿತು. ಆಜ್ಞೆ ಹೊತ್ತ ಹಡಗು ಹೊರಟೇ ಹೋಯಿತು. ಮರುದಿನ ಜನರಿಗೆ ಕಸಿವಿಸಿ. ಮತ್ತೆ ಸಭೆ ಸೇರಿತು. ಕೊಲ್ಲಲೇಬೇಕೆಂದು ಕ್ಲಿಯಾನ್, ಬೇಡವೆಂದು ಡಯೊಡೊಟಸ್ ವಾದ ಮಾಡಿದರು. ಕೂದಲೆಳೆಯ ಅಂತರದಲ್ಲಿ ಆಜ್ಞೆ ರದ್ದಾಯಿತು. ತಕ್ಷಣ ಎರಡನೇ ಹಡಗು. ಮೊದಲನೆಯದು ಸುಮಾರು ಒಂದು ಹಗಲು, ಒಂದು ರಾತ್ರಿಯಷ್ಟು ಮುಂದಿತ್ತು.

ಸಾಮಾನ್ಯವಾಗಿ ಊಟಕ್ಕೂ ನಿದ್ದೆಗೂ ಟ್ರೈರೀಮ್ ದಡ ಸೇರಲೇಬೇಕು. ಒಳಗೆ ಕಾಲು ಚಾಚಲು ಜಾಗವಿಲ್ಲ. ಈ ತಂಡ ದಡಕ್ಕೆ ಬರಲಿಲ್ಲ. ದ್ರಾಕ್ಷಾರಸ, ಎಣ್ಣೆಯಲ್ಲಿ ಕಲಸಿದ ಬಾರ್ಲಿ ಹಿಟ್ಟನ್ನು ಹುಟ್ಟು ಹಾಕುತ್ತಲೇ ತಿಂದರು. ಸರದಿಯಲ್ಲಿ ಕೆಲವರು ಮಲಗಿದರೆ ಉಳಿದವರು ಎಳೆದರು. ಎದುರುಗಾಳಿ ಬೀಸಲಿಲ್ಲ, ಜೊತೆಗೆ ಮೊದಲ ಹಡಗಿನವರು ಆ ಘೋರ ಕೆಲಸಕ್ಕೆ ಅವಸರಪಡದೆ ಸಾಗಿದ್ದರು. ಮಿಟಿಲೀನಿಯಲ್ಲಿದ್ದ ಅಥೆನ್ಸ್‌ನ ಸೇನಾನಿ ಪ್ಯಾಕೀಸ್ ಆಜ್ಞೆ ಓದಿ ಜಾರಿಗೆ ಸಿದ್ಧನಾಗಿದ್ದಾಗ ಎರಡನೇ ಹಡಗು ಬಂದು ತಲುಪಿತು.

ಈ ಎರಡೂ ಹಡಗುಗಳ ಹುಟ್ಟುಗಾರರಲ್ಲಿ ಒಬ್ಬನ ಹೆಸರನ್ನೂ ಥೂಸಿಡಿಡೀಸ್ ಹೇಳುವುದಿಲ್ಲ. ನಿಮ್ಮ ನಾಯಕನನ್ನು ಅಲ್ಲಿಂದಲೇ ಎತ್ತಿಕೊಳ್ಳಿ. ಮೊದಲ ದಿನ ಕೊಲ್ಲಲು ಕೈಯೆತ್ತಿದವನನ್ನು ಎರಡನೇ ಹಡಗಿನ ಕೆಳಸಾಲಿನಲ್ಲಿ ಕೂರಿಸಿ. ಅಲ್ಲಿಂದ ಕಡಲು ಕಾಣುವುದಿಲ್ಲ, ಮುಂದಿನ ಹಡಗು ಎಷ್ಟು ದೂರವಿದೆಯೆಂದೂ ಗೊತ್ತಾಗುವುದಿಲ್ಲ. ಒಂದು ಮಾತು: ಹಡಗು ತಲುಪಿದ ಸಂಭ್ರಮದಲ್ಲಿ ಕಥೆ ಮುಗಿಸಬೇಡಿ. ದಂಗೆಗೆ ಮುಖ್ಯ ಕಾರಣರೆಂದು ಪ್ಯಾಕೀಸ್ ಅಥೆನ್ಸ್‌ಗೆ ಕಳುಹಿಸಿದ್ದವರನ್ನು ಆಮೇಲೆ ಕ್ಲಿಯಾನ್‌ನ ಸಲಹೆಯಂತೆ ಕೊಂದರು. ಥೂಸಿಡಿಡೀಸ್ ಕೊಡುವ ಲೆಕ್ಕ ಸಾವಿರಕ್ಕೂ ತುಸು ಹೆಚ್ಚು.