ಬೀದಿನಾಯಿ ಸಂತಾನಹರಣ ಟೆಂಡರ್: ದರದ ಲಕೋಟೆ ತೆರೆಯುವ ಮುನ್ನ

ಬೀದಿನಾಯಿಗಳ ಸಂತಾನಹರಣಕ್ಕೆ ಹೊಸ ಸಂಸ್ಥೆಯನ್ನು ಹೇಗೆ ಆರಿಸುವುದೆಂದು ಕೇಳಿದ್ದೀರಿ. ಹಿಂದಿನ ಸಂಸ್ಥೆಗೆ ಪೂರ್ತಿ ಹಣ ಸಂದಾಯವಾದರೂ ನಿಮ್ಮ ನಗರಸಭೆಯ ವಾರ್ಡುಗಳಲ್ಲಿ ಮರಿಗಳು ಕಡಿಮೆಯಾಗದಿರುವುದಕ್ಕೆ, ಕನಿಷ್ಠ ದರವೊಂದನ್ನೇ ನೋಡಿ ಆಯ್ಕೆ ಮಾಡಿದ್ದು ಕಾರಣವಿರಬಹುದು. ಟೆಂಡರ್ ಕಡತ ನೋಡದೆ ಇದನ್ನು ಖಚಿತವಾಗಿ ಹೇಳಲಾರೆ.

ಮೊದಲು, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ನೀಡಿದ, ಅವಧಿ ಮೀರದ ಯೋಜನಾ ಮಾನ್ಯತಾ ಪತ್ರವನ್ನು ತಾಂತ್ರಿಕ ಬಿಡ್‌ನಲ್ಲೇ (ದರಕ್ಕೆ ಮೊದಲು ತೆರೆಯುವ ಅರ್ಹತಾ ದಾಖಲೆಗಳ ಭಾಗ) ಕೇಳಿರಿ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಅದಿಲ್ಲದ ಸಂಸ್ಥೆಗೆ ಕೆಲಸ ವಹಿಸುವಂತಿಲ್ಲ.

ಬಳಿಕ ದರ ತೆರೆಯುವ ಮುನ್ನ, ಪಶುವೈದ್ಯಾಧಿಕಾರಿಯೊಡನೆ ಮುನ್ಸೂಚನೆಯಿಲ್ಲದೆ ಬಿಡ್ ಸಲ್ಲಿಸಿದ ಸಂಸ್ಥೆಯ ಕೇಂದ್ರಕ್ಕೆ ಹೋಗಿ ಗೂಡುಗಳನ್ನು ಎಣಿಸಿರಿ. ಪ್ರತಿ ನಾಯಿಯನ್ನು ಐದು ದಿನ ಇರಿಸಿಕೊಳ್ಳುವುದಾದರೆ 40 ಗೂಡುಗಳಿಂದ ದಿನಕ್ಕೆ ಸರಾಸರಿ ಎಂಟು ಶಸ್ತ್ರಚಿಕಿತ್ಸೆಗಳಷ್ಟೇ ಸಾಧ್ಯ. ದಿನಕ್ಕೆ 25 ಎಂದು ಬರೆದುಕೊಟ್ಟವರು ಆರೈಕೆಯನ್ನು ಮೊಟಕುಗೊಳಿಸುತ್ತಾರೆ, ಇಲ್ಲವೇ ಸುಳ್ಳು ಲೆಕ್ಕ ಕೊಡುತ್ತಾರೆ. ನನ್ನ ಮಟ್ಟಿಗೆ ಈ ಭಾಗಾಕಾರ ಯಾವ ಅನುಭವ ಪತ್ರಕ್ಕಿಂತಲೂ ಹೆಚ್ಚು ನಂಬಲರ್ಹ.

ಒಪ್ಪಂದದಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಸಂತಾನಾಂಗಗಳನ್ನು ಅದೇ ನಿಯಮಗಳಡಿಯ ಸ್ಥಳೀಯ ಮೇಲ್ವಿಚಾರಣಾ ಸಮಿತಿ ಎಣಿಸಿದ ನಂತರವೇ ಬಿಲ್ ಪಾವತಿ ಎಂಬ ಷರತ್ತಿರಲಿ. ಕಿವಿಗೆ ಗುರುತು ಹಾಕಿ, ರೇಬಿಸ್ ಲಸಿಕೆ ನೀಡಿ, ಹಿಡಿದ ಬೀದಿಯಲ್ಲೇ ಬಿಟ್ಟ ದಾಖಲೆಯನ್ನೂ ಕೇಳಿರಿ. ಒಂದು ವಾರ್ಡಿನ ಸುಮಾರು ಶೇಕಡಾ 70ರಷ್ಟು ನಾಯಿಗಳ ಸಂತಾನಹರಣ ಮುಗಿಯುವವರೆಗೆ ಮುಂದಿನ ವಾರ್ಡಿಗೆ ಕಾರ್ಯಾದೇಶ ನೀಡಬೇಡಿರಿ.